ಗಡಿಯಾರ ತಗೊಂಡ್ರಿ, ಬಂಡೆ ಬಿಟ್ರಿ

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಿದರು. ಅರ್ಧ ಕಳೆದು ಉಳಿದದ್ದನ್ನು ನಂಬಿ.

ಹೊರಗೆ ನೇತುಹಾಕಿರುವ ನಿಮ್ಮ ಬಟ್ಟೆ ಪ್ರಿಂಟ್‌ಗಳನ್ನೆಲ್ಲ ನೋಡಿಕೊಂಡೇ ಒಳಗೆ ಬಂದೆ. ನಿಮಗೆ ಕೊಟ್ಟಿದ್ದ ವಿಷಯ ಸರ್ರಿಯಲಿಸಂ, ಅಂದರೆ ಕನಸಿನಂಥ ವಿಚಿತ್ರವನ್ನು ತೋರಿಸುವ ಕಲೆ, ಮತ್ತು ಪ್ರಕೃತಿ, ಅಲ್ವಾ? ಕರಗಿ ಜೋಲುವ ಗಡಿಯಾರ ಬೇಕಾದಷ್ಟಿವೆ. ತೇಲುವ ಕಣ್ಣುಗಳಿವೆ, ತುಟಿಗಳಿವೆ. ಪ್ರಕೃತಿ ಎಲ್ಲಿ ಅಂತ ಹುಡುಕಿದರೆ ಮೂಲೆಯಲ್ಲಿ ಒಂದೆರಡು ಎಲೆ. ಕೈಕೆಲಸ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಗಡಿಯಾರಗಳ ಜೊತೆ ನನ್ನದೊಂದು ಜಗಳ ಇದೆ.

ಕರಗುವ ಗಡಿಯಾರ ಬಂದದ್ದು ಸರ್ರಿಯಲಿಸ್ಟ್ ಕಲಾವಿದ ಸಾಲ್ವಡಾರ್ ಡಾಲಿ 1931ರಲ್ಲಿ ಬರೆದ ಚಿತ್ರದಿಂದ. ಆ ಚಿತ್ರದ ಹಿಂಭಾಗದಲ್ಲಿ ಬಂಡೆಗಳಿವೆ, ನೆನಪಿದೆಯಾ? ಅವು ಕನಸಿನ ಬಂಡೆಗಳಲ್ಲ. ಸ್ಪೇನಿನ ಕ್ಯಾಟಲೋನಿಯಾದ ಕಡಲತೀರದವು. ಆತ ಚಿಕ್ಕಂದಿನಿಂದ ನೋಡಿಕೊಂಡು ಬಂದ ಬಂಡೆಗಳು. ಅವನ್ನು ಗಟ್ಟಿಯಾಗಿ, ಇದ್ದ ಹಾಗೇ ಬರೆದ. ಬಂಡೆ ಅಷ್ಟು ನಿಜವಾಗಿರುವುದರಿಂದಲೇ ಗಡಿಯಾರ ಕರಗಿದಾಗ ನಮಗೆ ದಿಗಿಲಾಗುತ್ತದೆ. ಎಲ್ಲವೂ ಕರಗಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ನೀವು ಗಡಿಯಾರ ತಗೊಂಡ್ರಿ, ಬಂಡೆ ಬಿಟ್ರಿ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದೊಂದೇ. ಪ್ರಿಂಟ್‌ಗೆ ಧೈರ್ಯ ಬರುವುದು ಗಾಢ ಬಣ್ಣದಿಂದಲ್ಲ, ವಿಚಿತ್ರ ವಸ್ತುಗಳನ್ನು ಗುಡ್ಡೆ ಹಾಕುವುದರಿಂದಲೂ ಅಲ್ಲ. ಒಂದು ಎಲೆಯನ್ನೋ ಹುಳುವನ್ನೋ ಚೆನ್ನಾಗಿ ನೋಡಿ. ಇದ್ದ ಹಾಗೇ ಬರೆಯಿರಿ. ಆಮೇಲೆ ಒಂದನ್ನು ಮಾತ್ರ ಬದಲಿಸಿ: ಅದರ ಅಳತೆ, ಇಲ್ಲವೇ ಅದು ಇರುವ ಜಾಗ.

ಜಾಗದ ಮಾತಿಗೆ ಲಾಬ್‌ಸ್ಟರ್, ಅಂದರೆ ದೊಡ್ಡ ಕೊಂಡಿಗಳಿರುವ ಸೀಗಡಿಯಂಥ ಕಡಲ ಜೀವಿ, ಅದರ ಉಡುಪಿನ ಕತೆ ಹೇಳಲೇಬೇಕು. ನಿಮ್ಮಲ್ಲಿ ಕೆಲವರು ಇದನ್ನು ನನ್ನ ಬಾಯಿಂದಲೇ ಕೇಳಿದ್ದೀರಿ, ಸಹಿಸಿಕೊಳ್ಳಿ. 1937, ಪ್ಯಾರಿಸ್. ಫ್ಯಾಷನ್ ಡಿಸೈನರ್ ಎಲ್ಸಾ ಸ್ಕಿಯಾಪರೆಲ್ಲಿ ಆರ್ಗಾಂಜಾ ಅನ್ನುವ ತೆಳು ಬಿಳಿ ರೇಷ್ಮೆ ಬಟ್ಟೆಯಲ್ಲಿ ಸಂಜೆಯ ಉಡುಪು ಮಾಡಿದಳು. ನೋಡಿದರೆ ಬಹಳ ಸಾಧು ಬಟ್ಟೆ, ಮದುವೆಗೂ ಹಾಕಬಹುದು. ಅದರ ಸ್ಕರ್ಟಿನ ಮೇಲೆ, ಸರಿಯಾಗಿ ಮುಂದೆ, ಡಾಲಿ ಬರೆದ ದೊಡ್ಡ ಕೆಂಪು ಲಾಬ್‌ಸ್ಟರ್. ಸುತ್ತ ಅಲ್ಲಲ್ಲಿ ಪಾರ್ಸ್ಲಿ ಸೊಪ್ಪಿನ ಚಿಗುರು. ಅಷ್ಟೇ. ಲಾಬ್‌ಸ್ಟರ್ ಒಂದೇ ಒಂದು. ನೀವಾಗಿದ್ದರೆ ನಲವತ್ತು ಹಾಕುತ್ತಿದ್ದಿರಿ!

ಈಗ ಆ ಕೆಂಪನ್ನು ಗಮನಿಸಿ. ಸಮುದ್ರದಲ್ಲಿ ಓಡಾಡುವ ಲಾಬ್‌ಸ್ಟರ್ ಸಾಮಾನ್ಯವಾಗಿ ಕಪ್ಪು ಮಿಶ್ರಿತ ನೀಲಿ, ಇಲ್ಲವೇ ಕಂದು. ಅದರ ಚಿಪ್ಪಿನಲ್ಲಿ ಕೆಂಪು ಬಣ್ಣ ಇರುತ್ತದೆ, ಆದರೆ ಒಂದು ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಬಿಸಿ ತಾಗಿದಾಗ ಪ್ರೋಟೀನ್ ಕೆಡುತ್ತದೆ, ಕೆಂಪು ಹೊರಗೆ ಬರುತ್ತದೆ. ಅಂದರೆ ಉಡುಪಿನ ಮೇಲಿರುವುದು ಬೆಂದ ಲಾಬ್‌ಸ್ಟರ್. ಪಕ್ಕದಲ್ಲಿ ಸೊಪ್ಪು ಬೇರೆ. ಊಟಕ್ಕೆ ಬಡಿಸಿದ್ದಾರೆ ಸ್ವಾಮಿ! ಇನ್ನೂ ಒಂದು ಹೇಳುತ್ತಾರೆ. ಡಾಲಿಗೆ ಅದರ ಮೇಲೆ ನಿಜವಾದ ಮೇಯನೇಸ್ ಸವರುವ ಆಸೆ ಇತ್ತಂತೆ. ಸ್ಕಿಯಾಪರೆಲ್ಲಿ ಬಿಡಲಿಲ್ಲವಂತೆ. ಒಳ್ಳೆಯ ಡಿಸೈನರ್‌ಗೆ ಬೇಡ ಅನ್ನುವುದೂ ಗೊತ್ತಿರಬೇಕು.

ಆ ಉಡುಪು ಹಾಕಿಕೊಂಡವಳು ವಾಲಿಸ್ ಸಿಂಪ್ಸನ್. ಆಕೆಗಾಗಿ ಇಂಗ್ಲೆಂಡಿನ ರಾಜ ಹಿಂದಿನ ವರ್ಷವಷ್ಟೇ ಸಿಂಹಾಸನ ಬಿಟ್ಟಿದ್ದ. ಮದುವೆಗೆ ಸ್ವಲ್ಪ ಮುಂಚೆ ವೋಗ್ ಪತ್ರಿಕೆಗಾಗಿ ಸೆಸಿಲ್ ಬೀಟನ್ ಫೋಟೊ ತೆಗೆದ. ಜನ ಆಕೆಯನ್ನು ನಾನಾ ರೀತಿ ಆಡಿಕೊಳ್ಳುತ್ತಿದ್ದ ಸಮಯ. ಆಕೆ ಬಿಳಿ ಬಟ್ಟೆ ಹಾಕಿಕೊಂಡು, ತೊಡೆಗಳ ನಡುವೆ ಡಾಲಿಯ ಲಾಬ್‌ಸ್ಟರ್ ಇಟ್ಟುಕೊಂಡು ತೋಟದಲ್ಲಿ ನಿಂತಳು. ಅದೇ ಲಾಬ್‌ಸ್ಟರ್ ಎದೆಯ ಮೇಲಿದ್ದರೆ ಬ್ರೂಚ್. ಅಂಚಿನಲ್ಲಿದ್ದರೆ ಬಾರ್ಡರ್. ಅಲ್ಲಿ ಇದ್ದದ್ದರಿಂದ ಎಂಬತ್ತು ವರ್ಷ ದಾಟಿದ ಮೇಲೂ ನಾವು ಇದರ ಬಗ್ಗೆ ಮಾತಾಡುತ್ತಿದ್ದೇವೆ. ನೋಡಿ, ಲಾಬ್‌ಸ್ಟರ್ ಲಾಬ್‌ಸ್ಟರ್ ಹಾಗೇ ಇದೆ. ಅದಕ್ಕೆ ರೆಕ್ಕೆ ಬಂದಿಲ್ಲ, ಮನುಷ್ಯರ ಕಣ್ಣು ಬಂದಿಲ್ಲ. ಬಂಡೆ ಇದೆ ಅಲ್ಲಿ.

ಒಂದು ಮಾತು ಮಧ್ಯದಲ್ಲಿ. ಆ ಕಾಲದ ಗಂಡಸು ಕಲಾವಿದರು ಹೆಂಗಸಿನ ದೇಹವನ್ನು ಚಿತ್ರಗಳಲ್ಲಿ ಕತ್ತರಿಸಿದರು, ತಿರುಚಿದರು, ತಲೆ ತೆಗೆದರು. ಅದೇ ಯೋಚನೆಗಳನ್ನು ಸ್ಕಿಯಾಪರೆಲ್ಲಿ ತೆಗೆದುಕೊಂಡು, ನಡೆಯುವ, ಕೂರುವ, ನಗುವ ಹೆಂಗಸಿನ ಮೈಮೇಲೆ ಹಾಕಿದಳು. 1938ರಲ್ಲಿ ಬಂದ ಆಕೆಯ ಇನ್ನೊಂದು ಉಡುಪು ನೋಡಿ. ಅದರ ಪ್ರಿಂಟ್‌ನಲ್ಲಿ ಬಟ್ಟೆ ಹರಿದು ಒಳಗಿನ ಕೆಂಪು ಕಾಣುವ ಹಾಗಿದೆ. ಉಡುಪಿನ ಮೇಲೆ ಹರಿದದ್ದು ಬರೀ ಚಿತ್ರ. ಜೊತೆಗಿರುವ ತಲೆವಸ್ತ್ರದಲ್ಲಿ ನಿಜವಾಗಿಯೇ ಕತ್ತರಿಸಿ ಮಾಡಿದ್ದು. ಎರಡೂ ಒಟ್ಟಿಗೆ ಇದ್ದಾಗ ಕಣ್ಣು ಯಾವುದನ್ನೂ ನಂಬುವುದಿಲ್ಲ. ನನಗೆ ಇದು ಲಾಬ್‌ಸ್ಟರ್‌ಗಿಂತ ದೊಡ್ಡ ಕೆಲಸ. ಆದರೆ ಲಾಬ್‌ಸ್ಟರ್ ಕತೆಗೆ ನಗು ಬರುತ್ತದೆ, ಅದಕ್ಕೇ ಅದನ್ನು ಹೇಳುತ್ತೇನೆ.

ಇನ್ನು ಅಳತೆ. ಬರ್ಲಿನ್‌ನಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ ಅಂತ ಒಬ್ಬ ಮೇಷ್ಟ್ರು ಇದ್ದರು. ಡಿಸೈನ್ ವಿದ್ಯಾರ್ಥಿಗಳಿಗೆ ಪಾಠಕ್ಕೆ ಬೇಕು ಅಂತ ತಾವೇ ಕ್ಯಾಮೆರಾ ಕಟ್ಟಿಕೊಂಡು, ಗಿಡಗಳ ಚಿಗುರು, ಬೀಜ, ಕಾಂಡದ ಫೋಟೊ ತೆಗೆಯುತ್ತಿದ್ದರು. ಎಷ್ಟೋ ಪಟ್ಟು ದೊಡ್ಡದು ಮಾಡಿ ತೋರಿಸುತ್ತಿದ್ದರು. ಸುರುಳಿ ಬಿಚ್ಚುವ ಜರೀಗಿಡದ ಚಿಗುರು ಅವರ ಫೋಟೊದಲ್ಲಿ ಕಬ್ಬಿಣದ ಕೆತ್ತನೆ ಕೆಲಸದ ಹಾಗೆ ಕಾಣುತ್ತದೆ. 1928ರಲ್ಲಿ ಅವು ಪುಸ್ತಕವಾಗಿ ಬಂದವು. ಮರುವರ್ಷ ಪ್ಯಾರಿಸ್‌ನಲ್ಲಿ ಜಾರ್ಜ್ ಬತಾಯ್ ಅನ್ನುವ ಲೇಖಕ ಹೂವುಗಳ ಬಗ್ಗೆ ಬರೆದ ಲೇಖನದ ಜೊತೆ ಇವೇ ಫೋಟೊಗಳು ಬಂದವು. ಮೇಷ್ಟ್ರು ತೋರಿಸಿದ್ದು ಸುಮ್ನೆ ಗಿಡ. ವಿಚಿತ್ರ ಮಾಡುವ ಉದ್ದೇಶ ಅವರಿಗೆ ಇರಲಿಲ್ಲ. ಹತ್ತಿರ ಹೋದರೆ ಗಿಡವೇ ವಿಚಿತ್ರ.

ಫಿನ್‌ಲೆಂಡಿನ ಮರಿಮೆಕ್ಕೊ ಅನ್ನುವ ಬಟ್ಟೆ ಕಂಪನಿಯ ಕತೆಯೂ ಇಲ್ಲೇ ಬರುತ್ತದೆ. ಕಂಪನಿ ಕಟ್ಟಿದ ಆರ್ಮಿ ರಾತಿಯಾ, ಹೂವಿನ ಡಿಸೈನ್ ಬೇಡ, ಹೂವು ಗಿಡದಲ್ಲೇ ಚೆಂದ ಅಂತ ಹೇಳಿಬಿಟ್ಟಿದ್ದರು. ಅಲ್ಲಿನ ಡಿಸೈನರ್ ಮಾಯಾ ಇಸೋಲಾ ಕೇಳಬೇಕಲ್ಲ? 1964ರಲ್ಲಿ ಹೂವಿನ ಡಿಸೈನ್‌ಗಳನ್ನೇ ಮಾಡಿಕೊಂಡು ಬಂದಳು. ಅದರಲ್ಲಿ ಒಂದು ಉನಿಕ್ಕೊ: ದೊಡ್ಡ ದೊಡ್ಡ ಗಸಗಸೆ ಹೂವು, ನೆರಳಿಲ್ಲ, ನವಿರಿಲ್ಲ, ಚಪ್ಪಟೆ ಬಣ್ಣ. ಇವತ್ತು ಆ ಕಂಪನಿ ಅಂದರೆ ಜನರಿಗೆ ಮೊದಲು ನೆನಪಾಗುವುದೇ ಆ ಹೂವು. ಇದನ್ನು ಯಾರೂ ಸರ್ರಿಯಲಿಸಂ ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ. ಆದರೆ ಹೂವು ಮನುಷ್ಯನ ಮುಖಕ್ಕಿಂತ ದೊಡ್ಡದಾದಾಗ ಅದು ಅಲಂಕಾರವಾಗಿ ಉಳಿಯುವುದಿಲ್ಲ. ಎದುರಿಗೆ ಬಂದು ನಿಲ್ಲುತ್ತದೆ.

ಚೀಟಿ ಬಂತು. ಐದು ನಿಮಿಷವಂತೆ. ಸರ್ರಿಯಲಿಸ್ಟ್ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ ಬಗ್ಗೆ ಉದ್ದ ಹೇಳಬೇಕಿತ್ತು, ಬಿಡುತ್ತೇನೆ. ಇಷ್ಟು ಸಾಕು: 1925ರಲ್ಲಿ ಆತ ಸವೆದ ಮರದ ನೆಲದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಸೀಸ ಉಜ್ಜಿದ, ಆ ಗೆರೆಗಳಲ್ಲಿ ಕಾಡು ಕಂಡ. ನಾಳೆ ನೀವೂ ಒಂದು ತೊಗಟೆ ಮೇಲೆ ಉಜ್ಜಿ. ಖರ್ಚಿಲ್ಲ.

ಡಿಜಿಟಲ್ ಪ್ರಿಂಟ್ ಬಗ್ಗೆ ಎರಡೇ ಮಾತು. ಸ್ಕ್ರೀನ್ ಪ್ರಿಂಟ್‌ನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಬೇಕು, ಡಿಸೈನ್ ಮತ್ತೆ ಮತ್ತೆ ಬರಬೇಕು. ಡಿಜಿಟಲ್‌ನಲ್ಲಿ ಆ ಕಟ್ಟು ಇಲ್ಲ. ಫ್ಯಾಷನ್ ಡಿಸೈನರ್ ಅಲೆಕ್ಸಾಂಡರ್ ಮೆಕ್‌ಕ್ವೀನ್ 2009ರ ಅಕ್ಟೋಬರ್‌ನಲ್ಲಿ ತೋರಿಸಿದ ಬಟ್ಟೆಗಳಲ್ಲಿ ಹಾವಿನ ಚರ್ಮ, ಪತಂಗದ ರೆಕ್ಕೆ, ಕಡಲ ಜೀವಿಗಳು ಮೈಯ ಆಕಾರಕ್ಕೇ ಹೊಂದಿಕೊಂಡು ಬಂದವು. ಅದು ಆಗಬೇಕಾದರೆ ಪ್ರಿಂಟ್ ಮಾಡುವ ಮೊದಲೇ ಪ್ಯಾಟರ್ನ್ ಕತ್ತರಿಸುವವರ ಜೊತೆ ಕೂರಬೇಕು. ಹೊಲಿಗೆ ಎಲ್ಲಿ ಬರುತ್ತದೆ, ಬಟ್ಟೆ ಮೈಗೆ ಕೂರಲಿ ಅಂತ ಹಾಕುವ ಮಡಿಕೆ, ಅಂದರೆ ಡಾರ್ಟ್, ಎಲ್ಲಿ ಬರುತ್ತದೆ ಅಂತ ಗುರುತು ಹಾಕಿಸಿಕೊಳ್ಳಬೇಕು. ನಿಮ್ಮಲ್ಲಿ ಬಹಳ ಜನ ಕಂಪ್ಯೂಟರ್‌ನಲ್ಲಿ ಚಿತ್ರ ಮುಗಿಸಿ ಆಮೇಲೆ ಬಟ್ಟೆ ಯೋಚಿಸುತ್ತೀರಿ. ಆಗ ಪತಂಗದ ಒಂದು ರೆಕ್ಕೆ ಕಂಕುಳಲ್ಲಿ ಮಾಯವಾಗುತ್ತದೆ.

ಉಳಿದದ್ದನ್ನು ನಿಮ್ಮ ಪ್ರಶ್ನೆಗಳಲ್ಲಿ ಹೇಳುತ್ತೇನೆ. ಹಿಂದಿನ ಸಾಲಿನವರು ಆಗಲೇ ಕೈ ಎತ್ತಿದ್ದಾರೆ, ಅವರಿಂದಲೇ ಶುರು ಮಾಡೋಣ.