ಎಎಫ್‌ಪಿ 400 ದಾಟಿದ್ರೆ ಎಂತ ಅರ್ಥ?

ನಮಸ್ಕಾರ, ನಾನು ಬದಿಯಡ್ಕದಿಂದ ಮಾತಾಡ್ತಾ ಇದ್ದೇನೆ. ಹೋದ ವಾರ ಫ್ಯಾಮಿಲಿ ಗ್ರೂಪಿಗೆ ಲಿವರ್ ಕ್ಯಾನ್ಸರ್ ಇರುವ ಮಾವನ ರಕ್ತದ ರಿಪೋರ್ಟಿನ ಫೋಟೋ ಬಂತು, ಮಂಗಳೂರಿನ ಲ್ಯಾಬಿಂದು, ಎಎಫ್‌ಪಿ 620 ಅಂತ ಉಂಟು, ಅದರ ಸುತ್ತ ಯಾರೋ ಕೆಂಪು ಪೆನ್ನಲ್ಲಿ ಗೀಟು ಹಾಕಿದ್ದಾರೆ, ಕೆಳಗೆ ಅತ್ತೆ ಕೇಳಿದ್ದು ಒಂದೇ, "ಇನ್ನೆಷ್ಟು ದಿನ ಅಂತ ಇದ್ರಲ್ಲಿ ಗೊತ್ತಾಗ್ತದಾ ಮಗಾ?" ಇಲ್ಲ ಅತ್ತೆ, ಗೊತ್ತಾಗುದಿಲ್ಲ.

ಎಎಫ್‌ಪಿ ಅಂದ್ರೆ ಆಲ್ಫಾ ಫೀಟೋಪ್ರೊಟೀನ್. ಮಗು ಹೊಟ್ಟೆಯಲ್ಲಿರುವಾಗ ಅದರ ಲಿವರ್ ಮಾಡುವ ಪ್ರೊಟೀನ್ ಇದು, ಹುಟ್ಟಿದ ಮೇಲೆ ಇಳೀತದೆ. ಲಿವರ್ ಕ್ಯಾನ್ಸರ್ ಬಂದಾಗ ಕೆಲವು ಗಡ್ಡೆಗಳು ಪುನಃ ಅದನ್ನೇ ಮಾಡ್ಲಿಕ್ಕೆ ಶುರು ಮಾಡ್ತವೆ, ಕೆಲವು ಮಾಡುದೇ ಇಲ್ಲ, ಹಾಗಾಗಿ ನಾರ್ಮಲ್ ಬಂದ್ರೆ ಕ್ಯಾನ್ಸರ್ ಇಲ್ಲ ಅಂತಲೂ ಅಲ್ಲ. ತುಂಬ ಜಾಸ್ತಿ ಇದ್ದವರಲ್ಲಿ ರೋಗ ಸಾಮಾನ್ಯವಾಗಿ ಜೋರಿರ್ತದೆ ಹೌದು, ಆದ್ರೆ ಅದು ನೂರಾರು ಜನರನ್ನು ಒಟ್ಟಿಗೆ ನೋಡಿದ ಲೆಕ್ಕ, ಮಾವ ಒಬ್ಬರದ್ದಲ್ಲ.

ಮತ್ತೆ ಈ ನಂಬರಿಗೆ ಇನ್ನೊಂದು ಕೆಲಸ ಉಂಟು, ಯಾವ ಮದ್ದು ಯಾರಿಗೆ ನಾಟ್ತದೆ ಅಂತ ಹೇಳುದು. ರಾಮುಸಿರುಮಾಬ್ ಅಂತ ಒಂದು ಇಂಜೆಕ್ಷನ್. ಸೊರಾಫೆನಿಬ್ ಅನ್ನುವ ಕ್ಯಾನ್ಸರ್ ಮಾತ್ರೆ ಆದ ಮೇಲೆ, ಎಎಫ್‌ಪಿ ಎಷ್ಟಿದ್ರೂ ಇದನ್ನು ಕೊಟ್ಟು ನೋಡಿದ್ರು, 2015ರಲ್ಲಿ ರಿಸಲ್ಟ್ ಬಂತು, ಆಯುಷ್ಯ ಹೆಚ್ಚಾದ ಹಾಗೆ ಕಾಣ್ಲಿಲ್ಲ, ಫೇಲ್. ಆದ್ರೆ ಎಎಫ್‌ಪಿ 400 ಮತ್ತು ಮೇಲಿದ್ದವರನ್ನು ಬೇರೆ ಮಾಡಿ ನೋಡುವಾಗ ಅವರಿಗೆ ಉಪಯೋಗ ಆದ ಹಾಗಿತ್ತು. ಅದಕ್ಕೆ ಅಂಥವರನ್ನೇ ಸೇರಿಸಿ ಪುನಃ ಟ್ರಯಲ್ ಮಾಡಿದ್ರು, 2019ರಲ್ಲಿ ಅದು ಗೆದ್ದಿತು: ಮೀಡಿಯನ್ ಆಯುಷ್ಯ, ಅಂದ್ರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದ ಸಮಯ, ಈ ಇಂಜೆಕ್ಷನ್ ಸಿಗದವರಲ್ಲಿ 7.3 ತಿಂಗಳು, ಸಿಕ್ಕಿದವರಲ್ಲಿ 8.5. ಬರೀ ಒಂದು ಚಿಲ್ರೆ ತಿಂಗಳಾ ಅಂತ ನಿಮಗೆ ಅನ್ನಿಸಬಹುದು, ನನಗೂ ಬೇಜಾರಾಯ್ತು, ಆದ್ರೆ ಲಿವರ್ ಕ್ಯಾನ್ಸರಲ್ಲಿ ಎಎಫ್‌ಪಿಯಂಥ ಮಾರ್ಕರ್ (ರೋಗದ ಗುರುತು) ನೋಡಿ ಪೇಶೆಂಟನ್ನು ಆರಿಸಿ ಗೆದ್ದ ಮೊದಲ ದೊಡ್ಡ ಟ್ರಯಲ್ ಅದು.

ಗಡ್ಡೆಯ ಜೀನ್ ಟೆಸ್ಟ್ ಬಗ್ಗೆಯೂ ಕೇಳ್ತೀರಿ. ನೋಡಿ, ಅಂಗಳದಲ್ಲಿ ಒಣಗಿದ ಅಡಿಕೆ ಸಿಪ್ಪೆಯಲ್ಲಿ ಎಲ್ಲಾ ಒಂದೇ, ಸುಲಿದ ಮೇಲೆಯೇ ಯಾವುದು ಪಟೋರ ಯಾವುದು ಕರಿಗೋಟು ಅಂತ ಗೊತ್ತಾಗುದು. ಗಡ್ಡೆಯೂ ಹಾಗೆ. ಅರ್ಧಕ್ಕಿಂತ ಹೆಚ್ಚಿನದ್ರಲ್ಲಿ ಟರ್ಟ್ ಜೀನಿನ ಬದಲಾವಣೆ ಸಿಗ್ತದೆ, ಸುಮಾರು ಮೂರರಲ್ಲಿ ಒಂದರಲ್ಲಿ ಇನ್ನೊಂದು ಜೀನ್ ಆದ ಬೀಟಾ ಕ್ಯಾಟೆನಿನ್‌ದು. ಬೀಟಾ ಕ್ಯಾಟೆನಿನ್ ಬದಲಾದ ಗಡ್ಡೆಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಮದ್ದು) ನಾಟುದು ಕಮ್ಮಿ ಅಂತ ಕೆಲವು ಸ್ಟಡಿ ಹೇಳ್ತವೆ, ಕೆಲವು ಹಾಗೆ ಹೇಳುದಿಲ್ಲ, ಹಾಗಾಗಿ ಬರೀ ಅದನ್ನು ನೋಡಿ ಯಾರಾದ್ರೂ ಆ ಮದ್ದು ಬೇಡ ಅಂದ್ರೆ ತಪ್ಪಾಗ್ತದೆ.

ಒಂದು ನಂಬರಿಗಿಂತ ಅದು ಏರ್ತಾ ಉಂಟಾ ಇಳೀತಾ ಉಂಟಾ ಅನ್ನುದು ಮುಖ್ಯ, ಟ್ರೀಟ್‌ಮೆಂಟ್ ಶುರುವಾದ ಮೇಲಂತೂ. ಮಾವನ ಹಳೇ ರಿಪೋರ್ಟ್ ಹುಡುಕಿ ಅಂದೆ. ಅತ್ತೆ ನಿನ್ನೆ ರಾತ್ರಿ ಕಪಾಟಿನಿಂದ ಮೂರು ತೆಗೆದಿದ್ದಾರೆ, ತಾರೀಕು ಪ್ರಕಾರ ಜೋಡಿಸಿ ಪಿನ್ ಹಾಕಿ ಇಟ್ಟಿದ್ದಾರೆ, ಸೋಮವಾರ ಡಾಕ್ಟ್ರಲ್ಲಿಗೆ ಹೋಗುವಾಗ ಹಿಡ್ಕೊಂಡು ಹೋಗ್ತೇವೆ.