ಸ್ಕ್ಯಾನ್ ಆದ ಹಳೆಯ ವಿಜ್ಞಾನ ಪತ್ರಿಕೆ ಹುಡುಕಿದರೆ ಏಕೆ ಸಿಗುವುದಿಲ್ಲ?

ಮಂಗಳೂರಿನಿಂದ ಎಲ್ಲರಿಗೂ ನಮಸ್ಕಾರ. ಉಡುಪಿಯ ಶಿಕ್ಷಕಿಯೊಬ್ಬರು ಒಳ್ಳೆಯ ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ಹಳೆಯ ಕನ್ನಡ ವಿಜ್ಞಾನ ಪತ್ರಿಕೆಯ ಪುಟ ಅಂತರ್ಜಾಲದಲ್ಲಿ ಕಣ್ಣೆದುರಿಗೇ ಇದ್ದರೂ, ಅದರಲ್ಲಿರುವ ಪದವನ್ನು ಟೈಪಿಸಿ ಹುಡುಕಿದರೆ ಏನೂ ಸಿಗುವುದಿಲ್ಲವಲ್ಲ, ಏಕೆ?

ಮೊದಲು ವಿಜ್ಞಾನ ಪತ್ರಿಕೆಗಳ ಇತಿಹಾಸವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1845ರಲ್ಲಿ ‘ಸೈಂಟಿಫಿಕ್ ಅಮೆರಿಕನ್’, 1872ರಲ್ಲಿ ‘ಪಾಪ್ಯುಲರ್ ಸೈನ್ಸ್’ ಆರಂಭವಾದವು. ಕನ್ನಡದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದರು; ಅದು ನಡೆದದ್ದು ಎರಡೇ ವರ್ಷ. ಇಂದು ನಮ್ಮಲ್ಲಿ ಅನೇಕರು ಓದಿ ಬೆಳೆದ ‘ಬಾಲ ವಿಜ್ಞಾನ’ ಶುರುವಾದದ್ದು 1978ರಲ್ಲಿ.

ಈಗ ಪ್ರಶ್ನೆಗೆ ಬರೋಣ. ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿನ ಪಾಲಿಗೆ ಬರಿಯ ಚಿತ್ರ. ಅದನ್ನು ಅಕ್ಷರಗಳಾಗಿ ಓದಿಕೊಡುವ ಕೆಲಸ ಒಸಿಆರ್ ತಂತ್ರಾಂಶದ್ದು. ಅದು ಓದದೆ ಬಿಟ್ಟರೆ, ಇಲ್ಲವೇ ತಪ್ಪಾಗಿ ಓದಿದರೆ, ನೀವು ಟೈಪಿಸಿದ ಪದ ಹುಡುಕಾಟದಲ್ಲಿ ಸಿಗುವುದಿಲ್ಲ.

[ಪರದೆಯ ಮೇಲೆ: ಪ, ಷ]

ಈ ಎರಡು ಅಕ್ಷರಗಳನ್ನು ನೋಡಿ. ಹೊಟ್ಟೆಯೊಳಗಿನ ಒಂದು ಸಣ್ಣ ಗೆರೆಯಷ್ಟೇ ವ್ಯತ್ಯಾಸ. ಅಚ್ಚಿನಲ್ಲಿ ಆ ಗೆರೆ ಮಸುಕಾದರೆ ‘ವಿಷ’ ಹೋಗಿ ‘ವಿಪ’ ಆಗುತ್ತದೆ. ಇನ್ನು ಸಾಲಿನ ಕೆಳಗೆ ಇಳಿಯುವ ಒತ್ತಕ್ಷರಗಳು, ಅಚ್ಚಿನ ಮೊಳೆಗಳನ್ನು ಒತ್ತೊತ್ತಾಗಿ ಜೋಡಿಸಿದ ಪುಟದಲ್ಲಿ, ಕೆಳಗಿನ ಸಾಲಿನ ದೀರ್ಘಕ್ಕೋ ಗುಣಿತಕ್ಕೋ ತಗುಲಿಕೊಂಡುಬಿಡುತ್ತವೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸೊನ್ನೆ. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ಅಚ್ಚಿನಲ್ಲಿ ಹೆಚ್ಚುಕಡಿಮೆ ಒಂದೇ ಆಕಾರದವು. ‘೧೦೦ ಡಿಗ್ರಿ’ ಎಂದು ಅಚ್ಚಾದದ್ದನ್ನು ತಂತ್ರಾಂಶವು ಒಂದು ಅಂಕಿ, ಎರಡು ಅನುಸ್ವಾರ ಎಂದು ಓದಿದರೆ, ನೀರು ಕುದಿಯುವ ಉಷ್ಣತೆಯೇ ಆ ಪುಟದಿಂದ ಮಾಯವಾಗುತ್ತದೆ. ಕಥೆ, ಕವನಗಳಲ್ಲಿ ಇಂಥ ತಪ್ಪನ್ನು ಓದುಗರೇ ಸರಿಪಡಿಸಿಕೊಂಡಾರು; ವಿಜ್ಞಾನ ಲೇಖನದಲ್ಲಿ ಅಂಕಿಯೇ ಜೀವ.

ನಮ್ಮೂರಿನಲ್ಲೇ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯಂತೂ ಕಲ್ಲಚ್ಚಿನಲ್ಲಿ, ಅಂದರೆ ಕೈಯಿಂದ ಬರೆದದ್ದನ್ನು ಕಲ್ಲಿನ ಮೇಲಿಂದ ಅಚ್ಚೊತ್ತುವ ವಿಧಾನದಲ್ಲಿ, ಮುದ್ರಿತವಾದದ್ದು. ಅದು ಕೈಬರಹವಾದ್ದರಿಂದ, ಅಚ್ಚಿನ ಮೊಳೆಯ ಅಕ್ಷರಗಳಿಗೆ ಪಳಗಿದ ತಂತ್ರಾಂಶಕ್ಕೆ ಅದನ್ನು ಓದುವುದು ಇನ್ನೂ ಕಷ್ಟ.

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ‘ಪಾಪ್ಯುಲರ್ ಸೈನ್ಸ್’ 2010ರಲ್ಲಿ ಗೂಗಲ್ ಜೊತೆ ಸೇರಿ ತನ್ನ 137 ವರ್ಷಗಳ ಸಂಚಿಕೆಗಳನ್ನು ಪದ ಹುಡುಕಿ ಓದುವಂತೆ ಉಚಿತವಾಗಿ ತೆರೆದಿಟ್ಟಿತು. ಟೆಸರ್ಯಾಕ್ಟ್‌ನಂಥ ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ, ಆದರೆ ಅದರ ಓದನ್ನು ತಿದ್ದಲು ಮನುಷ್ಯರೇ ಬೇಕು. ಪೂರ್ತಿ ಪಠ್ಯ ಸಿದ್ಧವಾಗುವವರೆಗೆ ಕಾಯದೆ, ಪ್ರತಿ ಸಂಚಿಕೆಯ ಪರಿವಿಡಿಯನ್ನಾದರೂ ಮೊದಲು ಟೈಪಿಸಿ ಸೇರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆಟಿಯ ಮಳೆ, ಒರಲೆಗಳಿಂದ ಪಾರಾದ ಹಳೆಯ ಸಂಚಿಕೆಗಳು ನಿಮ್ಮ ಮನೆಯ ಅಟ್ಟದಲ್ಲಿದ್ದರೆ, ಅವುಗಳ ಹೆಸರು, ತಿಂಗಳು, ವರ್ಷವನ್ನು ಕೆಳಗೆ ಬರೆದು ತಿಳಿಸಿ.