ಕೊನೆಯ ಹೊಲಕ್ಕೂ ನೀರು ಮುಟ್ಟಿಸಿದ ಗಂಡ-ಹೆಂಡತಿ

ಕೇಳುಗರಿಗೆ ನಮಸ್ಕಾರ.

ರೈತರಿಗೆ ಸನ್ಮಾನ ಅಂದಕೂಡಲೇ ನಾವು ಕೇಳುವುದು ಇಳುವರಿ. ಎಕರೆಗೆ ಎಷ್ಟು ಚೀಲ ಬಂತು, ಎಷ್ಟು ಲಾಭ ಉಳಿಯಿತು ಅಂತ. ಸಿಂಧನೂರು ತಾಲ್ಲೂಕಿನ ಒಂದು ಊರಲ್ಲಿ ಈಚೆಗೆ ಒಬ್ಬ ರೈತ ಮತ್ತು ಅವರ ಹೆಂಡತಿಗೆ ಶಾಲು ಹೊದಿಸಿದರು. ಇವರೇನೂ ದಾಖಲೆ ಬೆಳೆ ತೆಗೆದವರಲ್ಲ. ತಮ್ಮ ಉಪಕಾಲುವೆಯ ಕೊನೆಯ ಹೊಲದ ತನಕ ನೀರು ಮುಟ್ಟುವಂತೆ ನೋಡಿಕೊಂಡವರು. ಶಾಲು ತಂದವರೂ ಅದೇ ಕಾಲುವೆಯ ಕೆಳಭಾಗದ ರೈತರೇ. ಹೆಸರು ಹೇಳಲೇ ಅಂತ ಕೇಳಿದರೆ ಆ ತಾಯಿ, "ಬ್ಯಾಡ್ರೀ ಸರ, ರೇಡಿಯೋದಾಗ ಬಂತಂದ್ರ ಊರಾಗ ಕಾಡ್ತಾರ" ಅಂದರು. ಇರಲಿ, ಹೆಸರಿಲ್ಲದೆಯೇ ಹೇಳುತ್ತೇನೆ.

ನೀರು ಮುಟ್ಟಿಸುವುದು ಅಷ್ಟು ದೊಡ್ಡ ಕೆಲಸವಾ ಅಂತ ಬೇರೆ ಕಡೆಯವರಿಗೆ ಅನ್ನಿಸಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ರೈತರನ್ನು ಕೇಳಿ ನೋಡಿ. ಮುನಿರಾಬಾದಿನಲ್ಲಿ ಹೊರಟ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯಿಂದ ರಾಯಚೂರಿನ ತನಕ ಬರುತ್ತದೆ. ಉದ್ದ 227 ಕಿಲೋಮೀಟರ್. ಯೋಜನೆ ಮಾಡಿದವರು ಭತ್ತಕ್ಕೆ ಇಟ್ಟಿದ್ದ ಪಾಲು ಸಣ್ಣದು. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೇ ಜಾಸ್ತಿ ಜಮೀನು ಅಂತ ಅವರ ಲೆಕ್ಕ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಎಲ್ಲಿ ನೋಡಿದರೂ ಭತ್ತ. ಅತ್ತ ಜಲಾಶಯದಲ್ಲಿ ಹೂಳು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ. ಕೊನೆಗೆ ಒಣಗುವುದು ಕೆಳಗಿನವನ ಹೊಲವೇ ಅಲ್ವಾ?

ಇವರ ಜಮೀನು ಇರುವುದು ಉಪಕಾಲುವೆಯ ನಡುವೆ. ಸುಮ್ನೆ ತಮ್ಮ ಪಾಡಿಗೆ ತಾವು ಇದ್ದಿದ್ದರೆ ನೀರಿಗೇನೂ ತಾಪತ್ರಯ ಇರಲಿಲ್ಲ. ಆದರೂ ಗಂಡ ಟಾರ್ಚು, ಸಲಿಕೆ ಹಿಡಿದು ರಾತ್ರಿ ಕಾಲುವೆ ಏರಿಯ ಮೇಲೆ ಓಡಾಡಿದರು. ಸರದಿ ಮುಗಿದ ಮೇಲೂ ತೆರೆದೇ ಇದ್ದ ತೂಬು ಮುಚ್ಚಿಸಿ ಬೈಸಿಕೊಂಡರು. ಅದನ್ನು ಊರೆಲ್ಲ ನೋಡಿದೆ. ನಾನು ಹೇಳಬೇಕಾದದ್ದು ಹೆಂಡತಿಯ ನೋಟ್‌ಬುಕ್ಕಿನ ಬಗ್ಗೆ.

ಅದು ಮಕ್ಕಳ ಇನ್ನೂರು ಪುಟದ ನೋಟ್‌ಬುಕ್. ಸ್ಕೇಲು ಇಟ್ಟು ಗೆರೆ ಎಳೆದಿದ್ದಾರೆ. ಯಾರ ಸರದಿ, ನೀರು ತಿರುಗಿಸಿದ್ದು ಎಷ್ಟು ಹೊತ್ತಿಗೆ, ಮುಚ್ಚಿದ್ದು ಎಷ್ಟು ಹೊತ್ತಿಗೆ. ಪಕ್ಕದಲ್ಲಿ ಹೆಬ್ಬೆಟ್ಟು, ಇಲ್ಲವೇ ಸಹಿ. ಒಂದು ಪುಟದಲ್ಲಿ ತಮ್ಮದೇ ಗಂಡನ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ "ಅರ್ಧ ತಾಸು ಜಾಸ್ತಿ" ಅಂತ ಬರೆದಿದ್ದಾರೆ. ಮುಂದಿನ ಸರದಿಯಲ್ಲಿ ಆ ಅರ್ಧ ತಾಸು ಕಳೆದಿದ್ದಾರೆ. ಜಗಳಕ್ಕೆ ಬಂದವರೆಲ್ಲ ಆ ಪುಟ ನೋಡಿಯೇ ತಣ್ಣಗಾದರಂತೆ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋಯ್ತಲ್ಲ, ಆಗ ಈ ಭಾಗದ ರೈತರೆಲ್ಲ ಕಂಗಾಲಾಗಿದ್ದರು. ನೀರೆಲ್ಲ ನದಿಪಾಲಾಗುತ್ತದೆ, ಸಿಕ್ಕಷ್ಟು ತುಂಬಿಕೊಳ್ಳೋಣ ಅಂತ ಇವರ ಉಪಕಾಲುವೆಯಲ್ಲೂ ಮೇಲಿನವರು ಮುಗಿಬಿದ್ದರು. ಆ ವಾರವೂ ನೋಟ್‌ಬುಕ್ಕಿನ ಸರದಿ ತಪ್ಪಲಿಲ್ಲ ಅಂತ ಕೆಳಭಾಗದ ರೈತರು ಹೇಳುತ್ತಾರೆ. ಗೇಟಿನ ಜಾಗಕ್ಕೆ ತಾತ್ಕಾಲಿಕ ಗೇಟ್ ಕೂರಿಸುವ ತನಕ ಗಂಡ-ಹೆಂಡತಿ ಪಾಳಿ ಹಚ್ಚಿಕೊಂಡು ಕಾಲುವೆ ಕಾದರು.

ಇನ್ನೊಂದು ವಿಷಯ, ಕೂರಿಗೆ ಭತ್ತದ್ದು. ಸಸಿ ಮಡಿ, ಕೆಸರು, ನಾಟಿ ಯಾವುದೂ ಇಲ್ಲ. ಜೋಳ ಬಿತ್ತಿದ ಹಾಗೆ ಕೂರಿಗೆಯಿಂದಲೇ ಬಿತ್ತುವುದು. ಕೆಸರು ಮಾಡಲು ಬೇಕಾದ ನೀರು ಪೂರಾ ಉಳಿಯುತ್ತದೆ. ಇವರು ಮೊದಲು ತಮ್ಮ ಹೊಲದಲ್ಲಿ ಮಾಡಿ ತೋರಿಸಿ, ಆಮೇಲೆ ನೆರೆಹೊರೆಯವರನ್ನು ಒಪ್ಪಿಸಿದರು. ಗಂಡ ಇದನ್ನು ಬಹಳ ಹೆಮ್ಮೆಯಿಂದ ಹೇಳುತ್ತಿದ್ದರೆ ಹೆಂಡತಿ ನಡುವೆ ಬಾಯಿ ಹಾಕಿದರು: "ನೀರೇನೋ ಉಳೀತ್ರೀ, ನಮ್ಮ ನಡಾ ಉಳೀಲಿಲ್ಲ." ನಿಜ. ಗದ್ದೆಯಲ್ಲಿ ನೀರು ನಿಲ್ಲದಿದ್ದರೆ ಕಳೆ ಏಳುತ್ತದೆ. ಕಳೆ ತೆಗೆಯಲು ಬಗ್ಗುವವರು ಹೆಣ್ಣುಮಕ್ಕಳು. ನೀರು ಉಳಿತಾಯದ ಭಾಷಣ ಮಾಡುವ ನಮ್ಮಂಥವರು ಈ ಮಾತು ಎತ್ತುವುದೇ ಇಲ್ಲ. ಆಮೇಲೆ ಆಕೆ ಹಟ ಹಿಡಿದು, ಸಾಲಿನ ನಡುವಿನ ಕಳೆ ತೆಗೆಯುವ ಎಡೆಕುಂಟೆ ಆಡುವಷ್ಟು ಜಾಗ ಸಾಲುಗಳ ನಡುವೆ ಬಿಡಿಸಿದರಂತೆ. ಕೆಲಸ ಪೂರ್ತಿ ಕಡಿಮೆಯಾಗಿಲ್ಲ, ಸ್ವಲ್ಪ ಹಗುರವಾಗಿದೆ.

ಸನ್ಮಾನಕ್ಕೆ ಮೊದಲು ಅಚ್ಚಾದ ಕರಪತ್ರದಲ್ಲಿ ಗಂಡನ ಹೆಸರು ಮಾತ್ರ ಇತ್ತು. ಪಹಣಿ ಅವರ ಹೆಸರಿಗಿದೆಯಲ್ಲ! ನಮ್ಮಲ್ಲಿ ಪಹಣಿಯಲ್ಲಿ ಹೆಸರಿದ್ದವರು ರೈತರು, ದಿನವಿಡೀ ಹೊಲದಲ್ಲಿ ಇರುವವರು ರೈತರ ಮನೆಯವರು. 2026ನ್ನು ವಿಶ್ವಸಂಸ್ಥೆ ಮಹಿಳಾ ರೈತರ ವರ್ಷ ಅಂತ ಸಾರಿದೆ. ಪಹಣಿಗೆ ಅದು ಇನ್ನೂ ಗೊತ್ತಾದಂತಿಲ್ಲ. ಕೆಳಭಾಗದ ಹೆಣ್ಣುಮಕ್ಕಳೇ ತಕರಾರು ತೆಗೆದು, ಕರಪತ್ರ ಮತ್ತೆ ಅಚ್ಚು ಹಾಕಿಸಿದರು. ಎರಡನೇ ಸಲ ಹೆಂಡತಿಯ ಹೆಸರು ಮೊದಲು ಬಂತು. ಗಂಡ ನಕ್ಕು, "ನೋಟ್‌ಬುಕ್ ಆಕೀದೈತಿ, ಹೆಸರೂ ಆಕೀದ ಮೊದಲು ಬರಬೇಕು" ಅಂದರು.

ಕಾರ್ಯಕ್ರಮ ಮುಗಿದ ಮೇಲೆ ಪಕ್ಕದ ಉಪಕಾಲುವೆಯವರು ಸರದಿ ಪಟ್ಟಿಯ ಫೋಟೊ ಹೊಡೆದುಕೊಂಡು ಹೋಗಿದ್ದಾರೆ. ಅವರೂ ಹಾಗೇ ಬರೆಯುತ್ತಾರೋ, ಬರೆದದ್ದನ್ನು ಮೇಲಿನವರು ಕೇಳುತ್ತಾರೋ, ಕಾಲುವೆಗೆ ನೀರು ಬಿಟ್ಟ ಮೇಲೆ ಗೊತ್ತಾಗುತ್ತದೆ. ನಮಸ್ಕಾರ.